ಮಾಮಾನ ಟೆಂಡರು, ನನ್ನ ಲ್ಯಾಪ್‌ಟಾಪು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸೋದರಮಾವನ ಶೆಡ್‌ನಲ್ಲಿ ವೆಲ್ಡಿಂಗ್ ನಿಂತಿತ್ತು. ಆರು ಜನ ಕೆಲಸಗಾರರು ಚಹಾದ ಲೋಟ ಹಿಡಿದುಕೊಂಡು ನನ್ನ ಲ್ಯಾಪ್‌ಟಾಪ್ ಸುತ್ತ ನಿಂತಿದ್ದರು. ಸರ್ಕಾರಿ ಶಾಲೆಗಳಿಗೆ 160 ಡೆಸ್ಕ್ ಮಾಡಿಕೊಡುವ ಟೆಂಡರ್ ಅದು. ನಾಲ್ಕು ಗಂಟೆಗೆ ಕೊನೆ. ದಾಖಲೆಗಳೆಲ್ಲ ಅಪ್‌ಲೋಡ್ ಆಗಿದ್ದವು, ದರವನ್ನೂ ತುಂಬಿದ್ದೆವು. ಉಳಿದಿದ್ದು ಡಿಜಿಟಲ್ ಸಹಿ ಒಂದೇ. ಪೆನ್‌ಡ್ರೈವ್‌ನಂತಿದ್ದ ಟೋಕನ್ ಚುಚ್ಚಿ, ಪಾಸ್‌ವರ್ಡ್ ಹಾಕಿ ಒತ್ತಿದೆ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಮೂಡಿತು: ನಿಮ್ಮ ಪ್ರಮಾಣಪತ್ರದ ಅವಧಿ ಮುಗಿದಿದೆ.

ಮುಗಿದು ಎರಡೇ ದಿನವಾಗಿತ್ತು. ಮಾಮಾನಿಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ಆ ಟೋಕನ್ ಎರಡು ವರ್ಷದಿಂದ ಅವನ ಬಳಿ ಇರಲೇ ಇಲ್ಲ. ಟೆಂಡರ್ ತುಂಬಿಕೊಡುವ ಏಜೆಂಟರೊಬ್ಬರ ಮೇಜಿನ ಡ್ರಾವರ್‌ನಲ್ಲಿತ್ತು. ಆ ದಿನ ಬೆಳಿಗ್ಗೆಯಷ್ಟೇ ಹೋಗಿ ಇಸಿದುಕೊಂಡು ಬಂದಿದ್ದೆವು. ಹೊಸ ಪ್ರಮಾಣಪತ್ರಕ್ಕೆ ಗುರುತಿನ ದಾಖಲೆ, ಮೊಬೈಲ್ ಮತ್ತು ವಿಡಿಯೊ ಪರಿಶೀಲನೆ ಎಲ್ಲವೂ ಆಗಬೇಕು. ಐವತ್ತು ನಿಮಿಷದಲ್ಲಿ ಆಗುವ ಕೆಲಸವಲ್ಲ. ನಾಲ್ಕು ಗಂಟೆಯಾಯಿತು, ಬಾಗಿಲು ಮುಚ್ಚಿತು.

ಮಾಮಾ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಹೇಳಿದ: "ಕಬ್ಬಿಣ ಬಗ್ಗಸೂದು ನಂಗ ಗೊತ್ತೈತಿ, ಈ ಕಂಪ್ಯೂಟರ್ ಬಗ್ಗಸೂದು ಗೊತ್ತಾಗವಲ್ದು ನೋಡಪಾ."

ತಿಂಗಳ ನಂತರ ಆ ಟೆಂಡರ್ ಪಡೆದವರ ದರ ತಿಳಿಯಿತು. ಒಂದು ಡೆಸ್ಕ್‌ಗೆ 5,450 ರೂಪಾಯಿ. ನಾವು ತುಂಬಿದ್ದ ದರ 5,200. ಅಂದರೆ ಕಳೆದುಕೊಂಡವರು ನಾವು ಮಾತ್ರ ಅಲ್ಲ. 160 ಡೆಸ್ಕ್‌ಗೆ ಲೆಕ್ಕ ಹಾಕಿದರೆ ಸರ್ಕಾರದ 40 ಸಾವಿರ ರೂಪಾಯಿಯೂ ಹೋಯಿತು. ಒಂದು ಸಣ್ಣ ಟೋಕನ್‌ನ ತಾರೀಖು ಯಾರೂ ನೋಡದೇ ಇದ್ದುದಕ್ಕೆ ಇಷ್ಟೆಲ್ಲ ಆಯಿತು.

ಎಂಜಿನಿಯರಿಂಗ್ ಓದುತ್ತಿರುವ ನನಗೆ ಆ ದಿನದವರೆಗೆ 'ಇ-ಪ್ರೊಕ್ಯೂರ್‌ಮೆಂಟ್' ಅಂದರೆ ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿ. ಅನುಕೂಲಗಳು ಐದು, ಅನನುಕೂಲಗಳು ಮೂರು ಎಂದು ಬರೆದರೆ ಮುಗಿಯಿತು. ಆರು ಜನರ ಎರಡು ತಿಂಗಳ ಕೂಲಿ ಅದರಲ್ಲಿ ಅಡಗಿದೆ ಎಂದು ತಿಳಿದದ್ದು ಆ ಶೆಡ್‌ನಲ್ಲಿ.

ಡಬ್ಬಿಯಿಂದ ಪೋರ್ಟಲ್‌ಗೆ

ಹಾಗಂತ ಹಳೆಯ ಪದ್ಧತಿಯೇ ಚೆನ್ನಾಗಿತ್ತು ಅನ್ನುವಂತಿಲ್ಲ. ಮಾಮಾ ತನ್ನ ತಂದೆಯ ಕಾಲದ ಕಥೆ ಹೇಳುತ್ತಾನೆ. ಟೆಂಡರ್ ಫಾರ್ಮ್ ಬೇಕೆಂದರೆ ಕಚೇರಿಗೇ ಹೋಗಬೇಕು. 'ಫಾರ್ಮ್ ಖಾಲಿ ಆಗ್ಯಾವ' ಎಂಬ ಉತ್ತರ ಸಾಮಾನ್ಯ. ಫಾರ್ಮ್ ಸಿಕ್ಕರೂ, ಮುಚ್ಚಿದ ಲಕೋಟೆಯನ್ನು ಡಬ್ಬಿಗೆ ಹಾಕುವ ದಿನ ಡಬ್ಬಿಯ ಮುಂದೆ ನಾಲ್ಕು ಜನ ಗಟ್ಟಿಮುಟ್ಟಾದವರು ನಿಂತಿರುತ್ತಿದ್ದರು. ಅವರು ಯಾರ ಕಡೆಯವರೆಂದು ಎಲ್ಲರಿಗೂ ಗೊತ್ತು. ಲಕೋಟೆ ಹಾಕದೆ ವಾಪಸ್ ಬಂದ ದಿನಗಳೂ ಇದ್ದವಂತೆ.

ಇದನ್ನು ಬದಲಿಸಲೆಂದೇ ಕರ್ನಾಟಕದಲ್ಲಿ 1999ರಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಬಂತು. ಟೆಂಡರ್ ಲೋಕದವರು ಅದನ್ನು 'ಕೆಟಿಪಿಪಿ' ಎಂದೇ ಕರೆಯುವುದು. 2007ರಿಂದ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ಬಂತು. ಈಗ ಅದರ ಜಾಗದಲ್ಲಿ ಕೆಪಿಪಿಪಿ ಎಂಬ ಹೊಸ ಪೋರ್ಟಲ್ ಇದೆ. ಕೇಂದ್ರ ಸರ್ಕಾರ 2016ರ ಆಗಸ್ಟ್ 9ರಂದು 'ಗವರ್ನಮೆಂಟ್ ಇ-ಮಾರ್ಕೆಟ್‌ಪ್ಲೇಸ್' ಅಂದರೆ ಜೆಮ್ ಆರಂಭಿಸಿತು. ಅದಕ್ಕೂ ಮುಂಚೆ ಕೇಂದ್ರದ ಕಚೇರಿಗಳಿಗೆ ದರ ಒಪ್ಪಂದ ಮಾಡಿಕೊಡುತ್ತಿದ್ದ ಡಿಜಿಎಸ್‌ ಆ್ಯಂಡ್ ಡಿ ಎಂಬ ದೊಡ್ಡ ಇಲಾಖೆಯನ್ನೇ 2017ರಲ್ಲಿ ಮುಚ್ಚಲಾಯಿತು. ಜೆಮ್‌ನಲ್ಲಿ ಸಿಗುವ ಸರಕು, ಸೇವೆಯನ್ನು ಕೇಂದ್ರದ ಕಚೇರಿಗಳು ಅಲ್ಲೇ ಕೊಳ್ಳಬೇಕು ಎಂದು 2017ರ ಹಣಕಾಸು ನಿಯಮಗಳು ಹೇಳುತ್ತವೆ. 2023-24ರಲ್ಲಿ ಒಂದೇ ವರ್ಷ ಜೆಮ್ ಮೂಲಕ ನಡೆದ ಖರೀದಿ ನಾಲ್ಕು ಲಕ್ಷ ಕೋಟಿ ರೂಪಾಯಿ ದಾಟಿತು, ಮರುವರ್ಷ ಐದು ಲಕ್ಷ ಕೋಟಿಯನ್ನೂ ದಾಟಿತು.

ಪೋರ್ಟಲ್‌ನ ಕೆಲಸ ತಿಳಿಯಲು ಕಷ್ಟವಿಲ್ಲ. ಸಾಮಾನ್ಯವಾಗಿ ಟೆಂಡರ್‌ಗೆ ಎರಡು 'ಕವರ್' ಇರುತ್ತವೆ. ಮೊದಲನೆಯದರಲ್ಲಿ ನಮ್ಮ ಅರ್ಹತೆಯ ದಾಖಲೆಗಳು, ಎರಡನೆಯದರಲ್ಲಿ ದರ. ತಾಂತ್ರಿಕ ಪರಿಶೀಲನೆಯಲ್ಲಿ ಪಾಸಾದವರ ದರವನ್ನು ಮಾತ್ರ ತೆರೆಯುತ್ತಾರೆ. ದರ ಗೂಢಲಿಪಿಯಲ್ಲಿ ಕೂತಿರುವುದರಿಂದ ನಿಗದಿತ ದಿನಕ್ಕಿಂತ ಮೊದಲು ಯಾರೂ ಇಣುಕುವಂತಿಲ್ಲ. ಡಬ್ಬಿ ಕಾಯುತ್ತಿದ್ದ ಗುಮಾಸ್ತರಿಗೆ 'ಐದು ನಿಮಿಷ ಸರ್' ಅನ್ನಬಹುದಿತ್ತು. ಸರ್ವರ್‌ಗೆ ಹಾಗೆ ಹೇಳಲಾಗದು. ಆ ದಿನ ನಮಗೆ ಇದರಿಂದ ನಷ್ಟವಾಯಿತು, ನಿಜ. ಆದರೆ ಆ ಐದು ನಿಮಿಷ ದೊಡ್ಡವರ ಶಿಫಾರಸು ತಂದವರಿಗೂ ಸಿಗುವುದಿಲ್ಲ ಎಂಬುದು ಸಣ್ಣ ಸಮಾಧಾನವೇನಲ್ಲ.

ಹೊಸ್ತಿಲಲ್ಲೇ ಎಡವುವವರು

ಬಾಗಿಲು ಎಲ್ಲರಿಗೂ ತೆರೆದಿದೆ. ಆದರೆ ಹೊಸ್ತಿಲು ಎತ್ತರವಾಗಿದೆ. ಡೆಸ್ಕ್ ಟೆಂಡರ್ ಹೋದ ಮೇಲೆ ನಾನು ಮತ್ತು ಮಾಮಾ ಜೆಮ್‌ನಲ್ಲಿ ನೋಂದಣಿಗೆ ಕೂತೆವು. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಮೊದಲ ತೊಡಕು ಮೊಬೈಲ್ ನಂಬರ್. ಅಲ್ಲಿ ಒಟಿಪಿಯೇ ಕೀಲಿ. ಮಾಮಾನ ಆಧಾರ್‌ಗೆ ಜೋಡಣೆಯಾಗಿದ್ದ ಸಿಮ್ ಎಂದೋ ಕಳೆದುಹೋಗಿತ್ತು. ಎರಡನೆಯದು ಹೆಸರು. ಆಧಾರ್‌ನಲ್ಲಿ ಅಡ್ಡಹೆಸರು ಕೊನೆಯಲ್ಲಿ, ಪ್ಯಾನ್‌ನಲ್ಲಿ ಮೊದಲಲ್ಲಿ. ಬ್ಯಾಂಕ್ ಖಾತೆಯಲ್ಲಿ ಬರೀ ಇನಿಷಿಯಲ್. ಶೆಡ್‌ನ ಬೋರ್ಡ್ ಮೇಲಿನ ಹೆಸರು ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಒಂದಕ್ಷರ ಬೇರೆ. ಮನುಷ್ಯ ನೋಡಿದರೆ 'ಇವನೇ ಅವನು' ಅನ್ನುತ್ತಾನೆ. ಯಂತ್ರಕ್ಕೆ ಅವರು ನಾಲ್ಕು ಬೇರೆ ಬೇರೆ ಜನ. ಹೀಗೆ ತಿದ್ದಿಸಲು ಓಡಾಡಿದ ಪ್ರತಿ ದಿನವೂ ಮಾಮಾನಿಗೆ ಒಂದು ದಿನದ ದುಡಿಮೆ ಖೋತಾ.

ಮೂರನೆಯದು ಭಾಷೆ. ಕನ್ನಡ, ಇಂಗ್ಲಿಷ್ ಎಂಬ ಜಗಳ ಒಂದು ಕಡೆ ಇರಲಿ. ಶೆಡ್‌ನ ಭಾಷೆಗೂ ಪೋರ್ಟಲ್‌ನ ಭಾಷೆಗೂ ಇರುವ ದೂರ ಇನ್ನೂ ದೊಡ್ಡದು. ಮಾಮಾ 'ಕಪಾಟು' ಮಾಡುತ್ತಾನೆ. ಪೋರ್ಟಲ್‌ನಲ್ಲಿ ಅದು 'ಶೆಲ್ವಿಂಗ್ ಕ್ಯಾಬಿನೆಟ್', ಅದಕ್ಕೆ ಐಎಸ್ 3312 ಎಂಬ ಮಾನಕ. ಮಾಮಾ ಪತ್ರಾದ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾನೆ, ಪೋರ್ಟಲ್ ಮಿಲಿಮೀಟರ್‌ನಲ್ಲಿ ಕೇಳುತ್ತದೆ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಪತ್ರಾ ತೆಳುವಾಗುತ್ತದೆ, ಮಿಲಿಮೀಟರ್ ಹೆಚ್ಚಾದರೆ ದಪ್ಪವಾಗುತ್ತದೆ. ಇದು ತಿಳಿಯದವರು ಯಾರಾದರೂ ಫಾರ್ಮ್ ತುಂಬಿದರೆ ತೆಳು ಪತ್ರಾದ ದರಕ್ಕೆ ದಪ್ಪ ಪತ್ರಾದ ಕಪಾಟು ಕೊಡುವ ಪರಿಸ್ಥಿತಿ ಬರುತ್ತದೆ. ಒಂದು ಕಾಲಂ ತಪ್ಪಿದರೆ ಇಡೀ ಆರ್ಡರ್ ನಷ್ಟ. ನನ್ನ ಮೆಕ್ಯಾನಿಕಲ್ ಓದು ಮಾಮಾನಿಗೆ ಮೊದಲ ಸಲ ಉಪಯೋಗಕ್ಕೆ ಬಂದದ್ದು ಇಲ್ಲೇ. "ಅಂತೂ ನಿನ್ನ ಫೀ ಕಟ್ಟಿದ್ದು ಸಾರ್ಥಕ ಆತು" ಎಂದು ನಕ್ಕ.

ನಾಲ್ಕನೆಯದು ಷರತ್ತುಗಳು. ಮೂರು ವರ್ಷದ ವಹಿವಾಟು ಇಷ್ಟಿರಬೇಕು, ಇಂಥದ್ದೇ ಕೆಲಸ ಮಾಡಿದ ಅನುಭವ ಇರಬೇಕು ಎಂದು ಬಹಳ ಟೆಂಡರ್‌ಗಳಲ್ಲಿ ಇರುತ್ತದೆ. ಕೆಲಸ ಸಿಗದೆ ಅನುಭವ ಬರದು, ಅನುಭವ ಇಲ್ಲದೆ ಕೆಲಸ ಸಿಗದು. ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿರುವ ನಮಗೆಲ್ಲ ಈ ಸಂಕಟ ಹೊಸದಲ್ಲ.

ಐದನೆಯದು ಹಿಮ್ಮುಖ ಹರಾಜು. ಸಾಮಾನ್ಯ ಹರಾಜಿನಲ್ಲಿ ದರ ಏರುತ್ತದೆ, ಇಲ್ಲಿ ಇಳಿಯುತ್ತದೆ. ಪರದೆಯ ಮೇಲೆ ದರ ಇಳಿಯುವುದನ್ನು ನೋಡುತ್ತಾ ಕೂತರೆ ಬೆರಳು ತಾನಾಗಿಯೇ ಇನ್ನೊಂದು ನೂರು ಇಳಿಸುತ್ತದೆ. ಕೊನೆಯ ನಿಮಿಷಗಳಲ್ಲಿ ಯಾರಾದರೂ ಇಳಿಸಿದರೆ ಸಮಯವೂ ಮುಂದಕ್ಕೆ ಹೋಗುತ್ತದೆ. ಗೆದ್ದವರು ಆಮೇಲೆ ಆ ದರಕ್ಕೆ ಸರಕು ಕೊಡಬೇಕಲ್ಲ? ಆಗ ಪೌಡರ್ ಕೋಟಿಂಗ್ ತೆಳುವಾಗುತ್ತದೆ, ಕೀಲಿ ಹಗುರವಾಗುತ್ತದೆ. ಪತ್ರಾ, ಕೂಲಿ, ಬಣ್ಣ, ಲಾರಿ ಬಾಡಿಗೆ, 18% ಜಿಎಸ್‌ಟಿ ಎಲ್ಲ ಸೇರಿಸಿ 'ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ' ಎಂಬ ಒಂದು ಅಂಕಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಕೂರಬೇಕು ಎಂಬುದು ನಾವು ಮಾಡಿಕೊಂಡ ನಿಯಮ.

ಕೊಳ್ಳುವವರಿಗೂ ಕಷ್ಟವಿದೆ. ನನ್ನ ಗೆಳೆಯನ ತಾಯಿ ಒಂದು ಕಚೇರಿಯ ಖರೀದಿ ವಿಭಾಗದಲ್ಲಿದ್ದಾರೆ. ಅವರು ಹೇಳಿದ್ದು: "ನೂರು ರೂಪಾಯಿ ಜಾಸ್ತಿ ಕೊಟ್ಟು ಗಟ್ಟಿ ಕುರ್ಚಿ ತಗೋಬೇಕು ಅಂತ ನಮಗೂ ಅನ್ನಸ್ತದ. ಆದ್ರ ಆಡಿಟ್‌ನವ್ರು ಕೇಳಿದ್ರ ಏನ್ ಹೇಳೂದು?" ಬೇಕಾದ ಗುಣಮಟ್ಟವನ್ನು ಟೆಂಡರ್‌ನಲ್ಲೇ ಸ್ಪಷ್ಟವಾಗಿ ಬರೆಯುವುದು ಅದಕ್ಕಿರುವ ಉತ್ತರ. ಆದರೆ ಹಾಗೆ ಬರೆಯಲು ಸರಕಿನ ಬಗ್ಗೆ ತಿಳಿವಳಿಕೆ ಬೇಕು, ಸಮಯವೂ ಬೇಕು. ಎರಡೂ ಇಲ್ಲದಾಗ ಹಳೆಯ ಟೆಂಡರ್‌ನ ವಿವರಗಳನ್ನೇ ನಕಲು ಮಾಡಿ ಅಂಟಿಸುವುದು ನಡೆಯುತ್ತದೆ.

ಡ್ರಾವರ್‌ನಲ್ಲಿದ್ದ ಸಹಿಗಳು

ಇಷ್ಟೆಲ್ಲ ತೊಡಕುಗಳಿರುವಾಗ ಏಜೆಂಟರು ಹುಟ್ಟಿಕೊಳ್ಳುವುದು ಸಹಜ. ನಾನು ಅವರನ್ನು ಬೈಯುವುದಿಲ್ಲ. ಎಷ್ಟೋ ಸಣ್ಣ ಉದ್ಯಮಿಗಳು ಅವರಿಂದಲೇ ಟೆಂಡರ್ ಕಂಡಿದ್ದಾರೆ. ಆದರೆ ಟೋಕನ್ ತರಲು ಹೋದ ದಿನ ನಾನು ಕಂಡ ದೃಶ್ಯ ಇನ್ನೂ ಕಣ್ಣ ಮುಂದಿದೆ. ಏಜೆಂಟರು ಡ್ರಾವರ್ ಎಳೆದರು. ಒಳಗೆ ನಲವತ್ತಕ್ಕೂ ಹೆಚ್ಚು ಟೋಕನ್‌ಗಳು. ಪ್ರತಿಯೊಂದಕ್ಕೂ ಹೆಸರು ಬರೆದ ಚೀಟಿ. ಕೆಲವು ಚೀಟಿಯ ಹಿಂದೆ ಪಾಸ್‌ವರ್ಡ್ ಕೂಡ.

ಖಾಲಿ ಚೆಕ್‌ಗೆ ಸಹಿ ಮಾಡಿ ಬೇರೆಯವರ ಕೈಗೆ ಕೊಡುತ್ತೀರಾ ಎಂದು ಕೇಳಿದರೆ ಮಾಮಾ ಸಿಟ್ಟಿಗೇಳುತ್ತಾನೆ. ಆದರೆ ಅವನು ಎರಡು ವರ್ಷ ಮಾಡಿದ್ದು ಅದನ್ನೇ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ಡಿಜಿಟಲ್ ಸಹಿಗೂ ಕಾನೂನಿನ ಮಾನ್ಯತೆ ಇದೆ. ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳುವ ಎಚ್ಚರ ಸಹಿದಾರನದು ಎಂದು ಅದರ 42ನೇ ಕಲಂ ಹೇಳುತ್ತದೆ. ಆ ಟೋಕನ್ ಬಳಸಿ ಯಾರು ಏನನ್ನು ಒಪ್ಪಿಕೊಂಡರೂ ಮೇಲ್ನೋಟಕ್ಕೆ ಒಪ್ಪಿದವನು ಮಾಮಾನೇ. ಇನ್ನೊಂದು ಅಪಾಯವೂ ಇದೆ. ಒಂದೇ ಟೆಂಡರ್‌ಗೆ ಸ್ಪರ್ಧಿಸುವ ಇಬ್ಬರ ಟೋಕನ್ ಒಂದೇ ಡ್ರಾವರ್‌ನಲ್ಲಿದ್ದರೆ, ಇಬ್ಬರ ದರವೂ ಒಬ್ಬರಿಗೇ ಗೊತ್ತಿರುತ್ತದೆ. ಗೂಢಲಿಪಿ ಎಷ್ಟೇ ಗಟ್ಟಿಯಾಗಿರಲಿ, ಡ್ರಾವರ್‌ಗೆ ಬೀಗವಿಲ್ಲದಿದ್ದರೆ ಏನು ಪ್ರಯೋಜನ?

ತಂತ್ರಜ್ಞಾನವನ್ನು ಅಳವಡಿಸುವುದು ಎಂದರೆ ಪೋರ್ಟಲ್ ಕಟ್ಟುವುದು ಎಂದು ನಾವು ತಿಳಿಯುತ್ತೇವೆ. ಬಳಸುವವನು ತನ್ನ ಸಹಿ ತಾನೇ ಹಾಕುವಷ್ಟು ಕಲಿಯುವ ತನಕ ಅಳವಡಿಕೆ ಅರ್ಧಕ್ಕೇ ನಿಂತಿರುತ್ತದೆ. ಉಳಿದರ್ಧದ ಕೆಲಸ ಪೋರ್ಟಲ್‌ನಲ್ಲಿಲ್ಲ, ತಾರಿಹಾಳದಂಥ ಶೆಡ್‌ಗಳಲ್ಲಿದೆ.

ಹದಿನಾಲ್ಕು ಕಪಾಟು

ನೋಂದಣಿಯಾಗಿ ನಾಲ್ಕು ತಿಂಗಳಾದ ಮೇಲೆ ಜೆಮ್‌ನಲ್ಲಿ ಮೊದಲ ಆರ್ಡರ್ ಬಂತು. ಕೇಂದ್ರದ ಕಚೇರಿಯೊಂದಕ್ಕೆ 14 ಕಪಾಟು. ದೊಡ್ಡದೇನಲ್ಲ. ಆದರೆ ಯಾರ ಪರಿಚಯವೂ ಇಲ್ಲದೆ, ಯಾರಿಗೂ ಚಹಾ ಕುಡಿಸದೆ ಬಂದ ಮೊದಲ ಸರ್ಕಾರಿ ಆರ್ಡರ್ ಅದು ಎಂದು ಮಾಮಾ ಊರೆಲ್ಲ ಹೇಳಿಕೊಂಡು ಬಂದ.

ಸರಕು ತಲುಪಿದ ಹತ್ತು ದಿನದೊಳಗೆ ಸ್ವೀಕೃತಿ ಪ್ರಮಾಣಪತ್ರ, ಅದಾದ ಹತ್ತು ದಿನದೊಳಗೆ ಹಣ ಎಂಬುದು ಜೆಮ್‌ನ ನಿಯಮ. ನಮಗೆ ಹಣ ಬಂದದ್ದು ಅರವತ್ತನೇ ದಿನ. ಸ್ವೀಕರಿಸಬೇಕಾದ ಅಧಿಕಾರಿ ವರ್ಗವಾಗಿದ್ದರು, ಹೊಸಬರಿಗೆ ಲಾಗಿನ್ ಆಗಿರಲಿಲ್ಲ. ಈ ನಡುವೆ ಬಿಲ್ಲಿನ ಜಿಎಸ್‌ಟಿ ಕಟ್ಟುವುದನ್ನು ಮುಂದೂಡುವಂತಿರಲಿಲ್ಲ. ಪತ್ರಾದ ಅಂಗಡಿಯವರೂ ಕಾಯಲಿಲ್ಲ. ಮಾಮಾ ಕೈಸಾಲ ಮಾಡಿದ. ಸಣ್ಣ ಉದ್ಯಮ ಮುಳುಗುವುದು ಬಹಳ ಸಲ ಲಾಭ ಬರದೇ ಅಲ್ಲ, ದುಡ್ಡು ಬರುವುದು ತಡವಾಗಿ.

ಇಲ್ಲಿಯೂ ಕಾನೂನು ಸುಮ್ಮನಿಲ್ಲ. ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ 45 ದಿನ ಮೀರದಂತೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ದೂರು ಕೊಡಲು 2017ರಿಂದ 'ಸಮಾಧಾನ್' ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಬಿಲ್ ತೋರಿಸಿ ಹಣಕಾಸು ಸಂಸ್ಥೆಗಳಿಂದ ಮೊದಲೇ ಹಣ ಪಡೆಯುವ 'ಟ್ರೆಡ್ಸ್' ವೇದಿಕೆಗಳೂ ಇವೆ. ದೂರು ಕೊಡೋಣವೇ ಎಂದು ಕೇಳಿದರೆ ಮಾಮಾ ಒಪ್ಪಲಿಲ್ಲ. "ನಾಳೆ ಅವ್ರ ಕಡೆನೇ ಆರ್ಡರ್ ಬರಬೇಕಲ್ಲೋ" ಅಂದ. ಹಕ್ಕು ಇದೆ ಎಂದು ಗೊತ್ತಿರುವುದೇ ಬೇರೆ, ಅದನ್ನು ಬಳಸುವ ಧೈರ್ಯವೇ ಬೇರೆ.

ಗೊತ್ತಿದ್ದರೆ ಸಿಗುವ ಇನ್ನೂ ಕೆಲವು ಅನುಕೂಲಗಳಿವೆ. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ 25ರಷ್ಟನ್ನು ಕಿರು, ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅದರೊಳಗೆ ಶೇ 4 ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ, ಶೇ 3 ಮಹಿಳಾ ಉದ್ಯಮಿಗಳಿಗೆ. ಈ ನೀತಿಯಡಿ ಕಿರು, ಸಣ್ಣ ಉದ್ಯಮಗಳಿಗೆ ಟೆಂಡರ್ ಫಾರ್ಮ್‌ನ ಶುಲ್ಕವಿಲ್ಲ, ಇಎಂಡಿ ಅಂದರೆ ಮುಂಗಡ ಠೇವಣಿ ಕಟ್ಟುವುದರಿಂದಲೂ ವಿನಾಯಿತಿ. ಇದಕ್ಕೆಲ್ಲ ಬೇಕಾದದ್ದು 'ಉದ್ಯಮ್' ನೋಂದಣಿ. 2020ರ ಜುಲೈನಿಂದ ಇರುವ ಈ ನೋಂದಣಿ ಸಂಪೂರ್ಣ ಉಚಿತ. ಆದರೂ ಅದಕ್ಕೆ ಎರಡು ಸಾವಿರ ರೂಪಾಯಿ ಕೊಟ್ಟು ಮಾಡಿಸಿಕೊಂಡವರು ನಮ್ಮ ಮಾಮಾನ ಪಕ್ಕದ ಶೆಡ್‌ನಲ್ಲೇ ಇದ್ದಾರೆ.

ನಮಗೇನು ಇದರಲ್ಲಿ?

ಗೆಳೆಯರೇ, ಇದೆಲ್ಲ ಉದ್ಯಮಿಗಳ ತಲೆನೋವು, ಕೆಲಸ ಹುಡುಕುವ ನಮಗೇಕೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಈಗ ಬೇರೆಯೇ ಅನ್ನಿಸುತ್ತಿದೆ.

ಖರೀದಿ ವಿಭಾಗವಿಲ್ಲದ ಕಾರ್ಖಾನೆ ಇಲ್ಲ, ಆಸ್ಪತ್ರೆ ಇಲ್ಲ, ವಿಶ್ವವಿದ್ಯಾಲಯವೂ ಇಲ್ಲ. ದೊಡ್ಡ ಕಂಪನಿಗಳು ಸ್ಯಾಪ್ ಅರೀಬಾದಂಥ ತಂತ್ರಾಂಶದಲ್ಲಿ ಪೂರೈಕೆದಾರರನ್ನು ಹುಡುಕುತ್ತವೆ, ಹರಾಜು ನಡೆಸುತ್ತವೆ, ಬಿಲ್ ಪಾಸು ಮಾಡುತ್ತವೆ. ಅಲ್ಲಿ ಕೆಲಸ ಮಾಡಲು ಕೋಡಿಂಗ್‌ನಲ್ಲಿ ಪ್ರವೀಣರೇ ಆಗಬೇಕಿಲ್ಲ. ಸರಕು ಗೊತ್ತಿರಬೇಕು, ಒಪ್ಪಂದ ಓದಲು ಬರಬೇಕು, ಎಕ್ಸೆಲ್‌ನಲ್ಲಿ ದರ ಹೋಲಿಸಲು ಬರಬೇಕು, ಮಾತಾಡಲು ಬರಬೇಕು. ಡಿಪ್ಲೊಮಾ, ಐಟಿಐ, ಬಿ.ಕಾಂ ಓದಿದವರಿಗೂ ಇಲ್ಲಿ ಜಾಗವಿದೆ. ಮೆಕ್ಯಾನಿಕಲ್, ಸಿವಿಲ್‌ನವರಾದರೆ ಡ್ರಾಯಿಂಗ್ ಓದಬಲ್ಲಿರಿ, ಅದು ಇನ್ನೂ ಒಂದು ಹೆಜ್ಜೆ ಮುಂದೆ.

ಎರಡನೆಯ ಅವಕಾಶ ನಮ್ಮ ಊರಲ್ಲೇ ಇದೆ. ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ ಎಲ್ಲಿ ಹೋದರೂ ಮಾಮಾನಂಥವರು ಸಿಗುತ್ತಾರೆ. ಕೈಯಲ್ಲಿ ಕಸುಬಿದೆ, ಪೋರ್ಟಲ್ ಎಂದರೆ ಅಳುಕು. ಅವರ ಪಕ್ಕ ಕೂತು ಕಲಿಸುವವರು ಬೇಕು. ಇದನ್ನು ಸೇವೆಯಾಗಿ ಮಾಡಬಹುದು, ಶುಲ್ಕ ಪಡೆದು ವೃತ್ತಿಯಾಗಿಯೂ ಮಾಡಬಹುದು. ನಮ್ಮ ಕಾಲೇಜುಗಳು ಪ್ರಾಜೆಕ್ಟ್ ಎಂದು ಇದನ್ನೇ ಕೊಟ್ಟರೆ ಇನ್ನೂ ಒಳ್ಳೆಯದು. ಗೇಜನ್ನು ಮಿಲಿಮೀಟರ್‌ಗೆ ಬದಲಿಸಿ, ಕಪಾಟಿನ ಖರ್ಚು ಕೂಡಿಸಿ, ಕೆಳಮಿತಿ ದರ ತೋರಿಸುವ ಒಂದು ಎಕ್ಸೆಲ್ ಹಾಳೆ ಮಾಡಿದ್ದೇನೆ. ನಾಲ್ಕು ಸೆಮಿಸ್ಟರ್‌ನಲ್ಲಿ ಮಾಡಿದ ಯಾವ ಅಸೈನ್‌ಮೆಂಟೂ ಅಷ್ಟು ಜನಕ್ಕೆ ಉಪಯೋಗ ಬಿದ್ದಿಲ್ಲ.

ಈ ಕೆಲಸಕ್ಕೆ ಇಳಿಯುವವರಿಗೆ ನಾನು ಎಡವಿ ಕಲಿತದ್ದನ್ನು ಹೇಳುತ್ತೇನೆ. ಟೆಂಡರ್ ದಾಖಲೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಆಮೇಲೆ ತಿದ್ದುಪಡಿ ಬಂದಿದೆಯೇ ಎಂದು ಮತ್ತೆ ನೋಡಿ. ಡಿಜಿಟಲ್ ಸಹಿ, ಜಿಎಸ್‌ಟಿ, ಬ್ಯಾಂಕ್ ದಾಖಲೆ ಎಲ್ಲದರ ಕೊನೆಯ ದಿನಾಂಕವನ್ನೂ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಕೊನೆಯ ದಿನಕ್ಕೆ ಎಂದೂ ಕಾಯಬೇಡಿ, ಮೂರು ದಿನ ಮೊದಲೇ ಸಲ್ಲಿಸಿ. ಮುಖ್ಯವಾಗಿ, ಯಾರ ಟೋಕನ್ನನ್ನೂ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ, ಯಾರ ಪಾಸ್‌ವರ್ಡ್ಅನ್ನೂ ಕೇಳಬೇಡಿ. ನಾವು ಇನ್ನೊಂದು ಡ್ರಾವರ್ ಆಗಬಾರದು.

ಹೊಸ ಟೋಕನ್ ಬಂದ ದಿನ ಮಾಮಾ ಅದನ್ನು ನನ್ನ ಕೈಗೇ ಕೊಡಲು ಬಂದ. "ನೀನ ಇಟ್ಕೋ, ನಂಗ ತಿಳಿಯಂಗಿಲ್ಲ" ಅಂದ. ನಾನು ತೆಗೆದುಕೊಳ್ಳಲಿಲ್ಲ. ಪಾಸ್‌ವರ್ಡ್ ಹಾಕುವಾಗ ಮುಖ ಆಚೆ ತಿರುಗಿಸಿಕೊಂಡೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಎರಡು ಸಲ ತಪ್ಪಾಯಿತು, ಮೂರನೇ ಸಲ ಸರಿಯಾಯಿತು. ಪರದೆಯ ಮೇಲೆ ಹಸಿರು ಗುರುತು ಬಂದಾಗ ಮೊದಲ ಸಲ ಸ್ಕೂಟರ್ ಬಿಡಲು ಕಲಿತವನಂತೆ ನನ್ನ ಮುಖ ನೋಡಿದ.

ಈಗ ಆ ಟೋಕನ್ ಶೆಡ್‌ನಲ್ಲಿ ಅವನೇ ಮಾಡಿದ ಕಪಾಟಿನೊಳಗಿದೆ. ಕೀಲಿ ಅವನ ಸೊಂಟದಲ್ಲಿದೆ. ಮುಂದಿನ ತಿಂಗಳು ಮತ್ತೊಂದು ಡೆಸ್ಕ್ ಟೆಂಡರ್ ಇದೆ. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ಸೋತರೂ ಈ ಸಲ ದರದಲ್ಲಿ ಸೋಲುತ್ತೇವೆ, ತಾರೀಖಿನಲ್ಲಿ ಸೋಲುವುದಿಲ್ಲ.